ಹಿತ್ತಿಲ ತೇರಡಾ ಮತ್ತು ಮಾತನಾಡದ ಹೆಂಗಸು

ಅದು ೨೦೨೩ನೆಯ ಇಸವಿ. ಆಗ ನನ್ನ ವಯಸ್ಸು ಐವತ್ತೆರಡು ವರ್ಷ, ನಾಲ್ಕು ತಿಂಗಳು. ಗದಗ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತಾರು ವರ್ಷ ಕನ್ನಡ ವ್ಯಾಕರಣ ಕಲಿಸಿದ ನಾನು, ಬ್ಯಾಂಕಿನಲ್ಲಿದ್ದ ಹೆಂಡತಿ ಸುನಂದಾಳಿಗೆ ಪುಣೆಗೆ ವರ್ಗವಾದ ಕಾರಣ ಸ್ವಯಂನಿವೃತ್ತಿ ಪಡೆದು ಅವಳ ಹಿಂದೆ ಬಂದೆ. ಶ್ರಾವಣ ಮಾಸ. ಕೋಥರೂಡದ ಸೊಸೈಟಿಯೊಂದರ ನೆಲಮಹಡಿಯಲ್ಲಿ ಸಾಮಾನು ಇಳಿಸಿದ ಮರುದಿನ ಬೆಳಿಗ್ಗೆ ಗೇಟಿನ ಹೊರಗೆ ನೋಡಿದರೆ, ಜನರು ಸ್ಕೂಟರಿನ ಮೇಲೆ ಕುಳಿತೇ, ಚೌಕಾಸಿ ಮಾಡಿ, ಉತ್ತರಾಣಿ ಕಡ್ಡಿಗಳನ್ನು ಕೊಳ್ಳುತ್ತಿದ್ದರು.

ಉತ್ತರಾಣಿ! ನಮ್ಮ ಹೊಲದ ಬದುವಿನಲ್ಲಿ ನಡೆದರೆ ಧೋತರದ ಅಂಚಿಗೆ ಮುಳ್ಳಿನಂತೆ ಅಂಟಿಕೊಂಡು ಮನೆಯವರೆಗೂ ಬರುವ ಆ ಕಳೆಗೆ ಇಲ್ಲಿ 'ಆಘಾಡಾ' ಎಂಬ ಹೆಸರಿದೆ. ಶ್ರಾವಣದ ಪೂಜೆಗೆ ಅದು ಬೇಕೇ ಬೇಕು. ಅದೂ ಸರಿಯೆಂದುಕೊಂಡು ಒಳಗೆ ತಿರುಗಿದೆ. ಅಲ್ಲಿ, ಗೇಟಿನಿಂದ ಹತ್ತು ಹೆಜ್ಜೆಯೊಳಗೆ, ಸೊಸೈಟಿಯ ಮಾಲಿ ಅದೇ ಉತ್ತರಾಣಿಯನ್ನು ಬುಡಸಹಿತ ಕಿತ್ತು ಕಸದ ಬುಟ್ಟಿಗೆ ಎಸೆಯುತ್ತಿದ್ದನು. ಗೇಟಿನ ಹೊರಗೆ ಪತ್ರೆ, ಒಳಗೆ ಕಸ. ಈ ಊರಿನವರನ್ನು ಸುಲಭವಾಗಿ ನಂಬತಕ್ಕದ್ದಲ್ಲವೆಂದು ಆ ಕ್ಷಣವೇ ನಿರ್ಧರಿಸಿದೆನು.

ಆ ನಿರ್ಧಾರಕ್ಕೆ ಪುಷ್ಟಿ ದೊರೆಯಲು ತಡವಾಗಲಿಲ್ಲ. ನಮ್ಮ ಕಡೆ "ಯಾವೂರ್ರಿ?" ಎಂದು ಕೇಳಿದರೆ ಹಿಂದೆಯೇ ಚಹಾ ಬರುತ್ತದೆ. ಇಲ್ಲಿ "ಕುಠಲೇ?" ಎಂದು ಕೇಳಿದರೆ ಹಿಂದೆಯೇ ಕಾವಲುಗಾರನ ರಿಜಿಸ್ಟರು ಬರುತ್ತದೆ. ಮನೆಯ ಕರಾರು ಹನ್ನೊಂದು ತಿಂಗಳಿನದು. ಹನ್ನೆರಡನೆಯ ತಿಂಗಳಲ್ಲಿ ನಾವು ಏನು ಮಾಡಿಬಿಡುತ್ತೇವೆಂದು ಇವರಿಗೆ ಭಯವೋ ತಿಳಿಯದು. ಊರಿನದೇ ಗಿಡ ಬೇಕೆಂದು ಕೇಳಿದಾಗ ರಸ್ತೆಬದಿಯ ನರ್ಸರಿಯವನು "ಗಾವಠೀ ಆಹೇ, ಸರ್" ಎಂದು ಆಣೆಯಿಟ್ಟು ಕೊಟ್ಟದ್ದು ಲಂಟಾನ. ಗಾವಠೀ ಎಂದರೆ ನಾಡಿನದು, ಹಳ್ಳಿಯದು. ಪರದೇಶದಿಂದ ಬಂದು ನಮ್ಮ ಗುಡ್ಡಗಳನ್ನೆಲ್ಲ ನುಂಗಿದ ಪೊದೆಗೆ ಆ ವಿಶೇಷಣ! ಗಿಡವನ್ನು ಮರಳಿ ಅವನ ಮುಂದೆಯೇ ಇಟ್ಟು ಬಂದೆ.

ಆದರೂ ಕೈ ಸುಮ್ಮನಿರಲಿಲ್ಲ. ಹೆಂಡತಿ ಒಂಬತ್ತಕ್ಕೆ ಬ್ಯಾಂಕಿಗೆ ಹೊರಟರೆ ಸಂಜೆಯವರೆಗೆ ನನ್ನೊಡನೆ ಮಾತನಾಡುವವರಿಲ್ಲ. ಮನೆಯ ಹಿಂದಿನ ಕಿಟಕಿಯ ಕೆಳಗೆ, ಕಂಪೌಂಡ್ ಗೋಡೆಯವರೆಗೆ, ಹದಿನಾಲ್ಕು ಮೊಳ ಉದ್ದದ ಒಂದು ಮಣ್ಣಿನ ಪಟ್ಟಿ ಇಟ್ಟಿಗೆ ಚೂರು ತುಂಬಿ ಬಿದ್ದಿತ್ತು. ಅಲ್ಲಿ ಗಿಡ ಹಾಕಲು ಸೊಸೈಟಿಯ ಕಾರ್ಯದರ್ಶಿ ಜಗತಾಪರನ್ನು ಅನುಮತಿ ಕೇಳಿದೆ. ಅವರು ನನ್ನ ವಯಸ್ಸಿನವರು, ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದವರು, ಬಿ ವಿಂಗಿನ ನಿವಾಸಿ. "ಹಾಕಿ ಹಾಕಿ, ಅದಕ್ಕೇನು" ಎಂದರು. ಬಾಯಿಮಾತಿನ ಅನುಮತಿ ಗಾಳಿಯ ಮೇಲಿನ ಬರಹ. ನಾನು ಅರ್ಜಿ ಬರೆದು, ಅವರ ಸಹಿ ಮತ್ತು ಮುದ್ರೆ ಹಾಕಿಸಿ, ಇನ್ವರ್ಡ್ ನಂಬರ್ ಬರೆಸಿಕೊಂಡೆ. ಆ ಸೊಸೈಟಿಯಲ್ಲಿ ಕಾಗದಕ್ಕೆ ಆವಕ ಸಂಖ್ಯೆ ಹಾಕುವ ಪದ್ಧತಿ ನನ್ನಿಂದಲೇ ಆರಂಭವಾಯಿತು.

ನರ್ಸರಿಗಳನ್ನು ನಂಬದೆ ಬೀಜವನ್ನು ನಾನೇ ಸಂಗ್ರಹಿಸಿದೆ. ಹತ್ತಿರದ ಟೇಕಡಿಯ, ಎಂದರೆ ಗುಡ್ಡದ, ಬುಡದಲ್ಲಿ ಕಟ್ಟಡಕ್ಕಾಗಿ ಬೇಲಿ ಹಾಕಿದ ಒಂದು ಜಾಗವಿತ್ತು. ಮುಂದಿನ ಬೇಸಿಗೆಗೆ ಅಲ್ಲಿ ಪಾಯ ತೋಡುವವರಿದ್ದರು. ಕಾವಲುಗಾರನಿಗೆ ಹೇಳಿ ಒಳಹೊಕ್ಕು ತುಂಬೆ, ವಿಷ್ಣುಕ್ರಾಂತಿ, ನಾವು ತಂಗಡಿಯೆನ್ನುವ, ಇವರು ತರವಡವೆನ್ನುವ ಹಳದಿ ಹೂವಿನ ಗಿಡ, ಕೊನೆಗೆ ತೇರಡಾ, ಇವುಗಳ ಬೀಜ ತಂದೆ. ತೇರಡಾ ಗುಲಾಬಿ ಬಣ್ಣದ ಮಳೆಗಾಲದ ಹೂವು, ಕನ್ನಡದಲ್ಲಿ ಕರ್ಣಕುಂಡಲವೆನ್ನುತ್ತಾರೆ. ಅದರ ಬಲಿತ ಕಾಯಿ ಬೆರಳು ತಾಕಿದೊಡನೆ ಸಿಡಿದು ಬೀಜ ಚೆಲ್ಲುತ್ತದೆ. ಆದ್ದರಿಂದ ಬಟ್ಟೆಯ ಚೀಲವನ್ನು ಕೆಳಗೆ ಹಿಡಿದೇ ಮುಟ್ಟಬೇಕು. ೨೦೨೪ರ ಜೂನಿನಲ್ಲಿ ಬಿತ್ತಿದೆ. ಹದಿನೈದು ದಿನದ ಸಸಿಯ ಕುಡಿಯನ್ನು ಚಿವುಟಿದರೆ ಅದು ಕವಲೊಡೆದು ಪೊದೆಯಾಗುತ್ತದೆ. ಪ್ರತಿ ಗಿಡಕ್ಕೂ ಪುಸ್ತಕದಲ್ಲಿ ಒಂದು ಪುಟ ತೆರೆದೆ.

"ಸಾಲಿ ಬಿಟ್ರೂ ನೀವು ಹಾಜರಿ ಪುಸ್ತಕ ಬಿಡಲಿಲ್ಲ ನೋಡ್ರಿ" ಎಂದಳು ಸುನಂದಾ.

"ಸಾಲಿ ಮಕ್ಕಳಿಗಿಂತ ಇವು ಛಲೋ. ಹಾಜರಿ ಕೂಗಿದಾಗ ಸುಳ್ಳು ಹೇಳಂಗಿಲ್ಲ."

ಗದಗಿನ ಎರೆಮಣ್ಣು ಒಂದು ಮಳೆಗೆ ಹಸಿಯಾಗಿ, ಎರಡನೆಯದಕ್ಕೆ ಕಾಲು ಹಿಡಿದುಕೊಳ್ಳುತ್ತದೆ. ಇಲ್ಲಿಯ ಮುರುಮಿನಂಥ ಗರಸು ಮಣ್ಣು ನೀರನ್ನು ನಿಲ್ಲಗೊಡುವುದಿಲ್ಲ. ಆದರೆ ಮಳೆ ಎಂಬುದು ತಿಂಗಳುಗಟ್ಟಲೆ ಜಿನುಗುತ್ತಲೇ ಇರುತ್ತದೆ. ಭಾದ್ರಪದದ ಹೊತ್ತಿಗೆ ಪಟ್ಟಿಯೆಲ್ಲ ಗುಲಾಬಿಯಾಗಿ, ಚಿಟ್ಟೆಗಳು ಬಂದವು. ಪುಣೆಯಲ್ಲಿ ನನ್ನದೆಂದು ಹೇಳಿಕೊಳ್ಳಲು ಅದೊಂದೇ ಇತ್ತು. ಜಗತಾಪರು ಮಾತ್ರ ಹಾದುಹೋಗುವಾಗಲೆಲ್ಲ "ಕಾಯ್ ಸರ್, ರಾನ ವಾಢ್‌ಲಂ" ಎನ್ನುತ್ತಿದ್ದರು. ಕಾಡು ಬೆಳೆಯಿತಲ್ಲ, ಎಂದು ಅರ್ಥ. ಅದು ಮೆಚ್ಚುಗೆಯೋ ಟೀಕೆಯೋ ಎಂದು ನಾನು ಬಹಳ ದಿನ ವಿಚಾರ ಮಾಡಿದೆ.

ಉತ್ತರ ೨೦೨೫ರ ಜುಲೈಯಲ್ಲಿ ಸಿಕ್ಕಿತು. ಸೆಪ್ಟೆಂಬರಿನ ವಾರ್ಷಿಕ ಸಭೆಯ ನೋಟಿಸಿನಲ್ಲಿ ಒಂದು ವಿಷಯ: ಹಿಂಭಾಗದ ಪಟ್ಟಿಗೆ ಸಿಮೆಂಟಿನ ಕಲ್ಲು ಹಾಸಿ ದ್ವಿಚಕ್ರ ವಾಹನಗಳಿಗೆ ಜಾಗ ಮಾಡುವುದು. ಪ್ರಸ್ತಾಪಿಸಿದವರು ಜಗತಾಪ. ನಾನು ಬಾಡಿಗೆದಾರ, ಸಭೆಯಲ್ಲಿ ನನಗೆ ಮತವಿಲ್ಲ. ಕಿಟಕಿಯ ಬಳಿ ನಿಂತು ಸುನಂದಾಳಿಗೆ ದಿನವೂ ನನ್ನ ಸಂಶಯಗಳನ್ನು ವಿವರಿಸುತ್ತಿದ್ದೆ. ಜಗತಾಪರಿಗೆ 'ಕಲ್ಲುಹಾಸು' ಎಂದು ಹೆಸರಿಟ್ಟೆ. ಅವರ ನಗು, ಅವರ ಮುದ್ರೆ, ಅವರ ಹೆಂಡತಿ ನಮ್ಮ ಕಿಟಕಿಯ ಕೆಳಗೆ ನಿಂತು ಗಿಡ ನೋಡುವ ರೀತಿ, ಎಲ್ಲದರಲ್ಲೂ ಒಳಸಂಚು ಇದೆಯೆಂದು ಹೇಳಿದೆ. ಕನ್ನಡದಲ್ಲಿ ಹೇಳುತ್ತಿದ್ದುದರಿಂದ ದನಿ ತಗ್ಗಿಸುವ ಅಗತ್ಯವೇ ಕಾಣಲಿಲ್ಲ.

"ಮೆಲ್ಲಕ ಮಾತಾಡ್ರಿ" ಎನ್ನುತ್ತಿದ್ದಳು ಸುನಂದಾ.

"ಇಲ್ಲ್ಯಾರಿಗೆ ತಿಳಿತದ?"

ಆಗಸ್ಟ್ ೩೧ರ ಬೆಳಿಗ್ಗೆ ಆರು ಗಂಟೆಗೆ ಜಿಟಿಜಿಟಿ ಮಳೆ. ಕಿಟಕಿ ತೆರೆದರೆ ಒಬ್ಬ ಹೆಂಗಸು ತಲೆಯ ಮೇಲೆ ಸೆರಗು ಹೊದ್ದು, ಬೆನ್ನು ಈಚೆ ಮಾಡಿ, ನನ್ನ ಪಟ್ಟಿಯಲ್ಲಿ ಕುಳಿತಿದ್ದಳು. ತೇರಡಾ ಗಿಡವೊಂದನ್ನು ಬೇರುಸಹಿತ ಬಿಡಿಸಿ ತಾಮ್ರದ ತಟ್ಟೆಯಲ್ಲಿ ಇಡುತ್ತಿದ್ದಳು. "ಯಾರು ತಾವು? ಏನು ಮಾಡುತ್ತಿದ್ದೀರಿ?" ಎಂದು ಶುದ್ಧ ಮರಾಠಿಯಲ್ಲಿ ಕೇಳಿದೆ. ಉತ್ತರವಿಲ್ಲ. ಗಟ್ಟಿಯಾಗಿ ಕೇಳಿದೆ. ಅವಳ ಕೈ ಒಂದು ಕ್ಷಣ ನಿಂತಿತು, ಮತ್ತೆ ಆಡಿತು. ಐದನೆಯ ಗಿಡ ತೆಗೆದು, ಕುಳಿಗಳಿಗೆ ಮಣ್ಣು ಮುಚ್ಚಿ ಅಂಗೈಯಿಂದ ತಟ್ಟಿ, ಎದ್ದು ಬಿ ವಿಂಗಿನ ಕಡೆಗೆ ನಡೆದಳು. ನಾನು ಮೂರು ಸಲ ಕೂಗಿದರೂ ತಿರುಗಿ ನೋಡಲಿಲ್ಲ. ತಪ್ಪಿಲ್ಲದವರು ಹೀಗೆ ಹೋಗುವುದುಂಟೆ?

ಅಂದೇ ಎರಡು ಪುಟಗಳ ದೂರು ಬರೆದೆ. ಸಮಯ, ಗಿಡಗಳ ಸಂಖ್ಯೆ, ಕಳ್ಳಿ ಹೋದ ದಿಕ್ಕು, ಎಲ್ಲವನ್ನೂ ನಮೂದಿಸಿ, ಕೊನೆಗೆ ಹೀಗೆಂದು ಸೇರಿಸಿದೆ: 'ಪಟ್ಟಿಗೆ ಕಲ್ಲು ಹಾಸಬಯಸುವವರ ಪ್ರೇರಣೆಯಿಂದಲೇ ಈ ಕಳವು ನಡೆದಿದೆಯೆಂದು ನಂಬಲು ಕಾರಣವಿದೆ, ಇದನ್ನು ವಾರ್ಷಿಕ ಸಭೆಯಲ್ಲಿ ಓದತಕ್ಕದ್ದು.' ಆಫೀಸಿನ ಗುಮಾಸ್ತನಿಂದ ಮುದ್ರೆ ಹಾಕಿಸಿ ಪ್ರತಿ ಪಡೆದೆ.

ಮರುದಿನ ಸಂಜೆ ಜಗತಾಪರೇ ಬಾಗಿಲಿಗೆ ಬಂದು, ಮನೆಯಲ್ಲಿ ಗೌರಿಯರು ಕುಳಿತಿದ್ದಾರೆ, ಇಬ್ಬರೂ ಅರಿಶಿನ ಕುಂಕುಮಕ್ಕೆ, ಪ್ರಸಾದಕ್ಕೆ ಬರಬೇಕೆಂದರು. ದೂರು ಕೊಟ್ಟ ಮರುದಿನವೇ ಆಮಂತ್ರಣ! ಬಾಯಿ ಮುಚ್ಚಿಸುವ ಹೋಳಿಗೆ ಎಂದುಕೊಂಡೆ. ಸುನಂದಾ ಆಗಲೇ ರೇಷ್ಮೆ ಸೀರೆ ಉಟ್ಟಿದ್ದಳು.

ನಮ್ಮ ಮನೆಯಲ್ಲಿ ಗೌರಿಯೆಂದರೆ ಕಾರ್ತಿಕದ ಗೌರಿ ಹುಣ್ಣಿಮೆ, ಸಕ್ಕರೆ ಆರತಿ, ಓಣಿಯ ಹುಡುಗಿಯರ ಹಾಡು. ಇಲ್ಲಿ ಗೌರಿ ಗಣಪತಿಯ ಬೆನ್ನಿಗೇ ಬಂದು ಮೂರು ದಿನ ಇರುತ್ತಾಳೆ. ಜಗತಾಪರ ಪಡಸಾಲೆಯಲ್ಲಿ ಹಸಿರು ನಿರಿಗೆಯ ಸೀರೆ, ಹಿತ್ತಾಳೆಯ ಮುಖ, ಮೂಗಿಗೆ ಮುತ್ತಿನ ನತ್ತು. ಹದಿನಾರು ತರಕಾರಿಯ ಪಲ್ಯದ ವಾಸನೆ. ಕೈಮುಗಿಯಲು ಬಗ್ಗಿದೆ. ಸೀರೆಯ ನಿರಿಗೆಯ ಕೆಳಗೆ ತೊಳೆದ ಬೇರುಗಳು, ಮೇಲೆ ತೇರಡಾದ ಗುಲಾಬಿ ಬಣ್ಣದ ಹೂಗಳು. ಪ್ರತಿ ಕಾಂಡವೂ ಬುಡದಿಂದ ಗೇಣುದ್ದದಲ್ಲಿ ಕವಲೊಡೆದಿತ್ತು. ತಾನಾಗಿ ಬೆಳೆದ ತೇರಡಾ ಹಾಗೆ ಕವಲೊಡೆಯುವುದಿಲ್ಲ. ಕುಡಿ ಚಿವುಟಿದ ಕೈ ನನ್ನದು.

ತಟ್ಟೆ ಹಿಡಿದು ಬಂದ ಜಗತಾಪರ ಹೆಂಡತಿ, ಎಲ್ಲರೂ 'ವಹಿನಿ' ಎಂದು ಕರೆಯುವವರು, ವಹಿನಿಯೆಂದರೆ ಅತ್ತಿಗೆ, ನನ್ನ ಮುಖ ನೋಡಿ ಸಣ್ಣಗೆ ನಕ್ಕರು.

"ಗುರುತು ಸಿಕ್ತೇನ್ರಿ ಸರ್?"

ಕನ್ನಡ!

"ನನ್ನ ತವರು ಅಕ್ಕಲಕೋಟ ಬಾಜೂಕರಿ. ಮನ್ಯಾಗ ಕನ್ನಡಾನ ಇತ್ತು."

"ಎರಡು ವರ್ಷ... ಒಂದು ಮಾತೂ ಆಡಲಿಲ್ಲವಲ್ಲ ತಾವು?"

"ನೀವು ಕಂಡಾಗೊಮ್ಮೆ ಪುಸ್ತಕದ ಮರಾಠಿ ಮಾತಾಡ್ತಿದ್ರಿ. ಕೇಳಾಕ ಭಾಳ ಛಂದ ಇತ್ತು, ಕೆಡಸೋದ್ಯಾಕ ಅಂತ ಸುಮ್ಮನಿದ್ದೆ." ಅನಂತರ ಗಂಡನ ಕಡೆ ಕಣ್ಣು ಹೊರಳಿಸಿ, "ಇವರಿಗೆ ಕಲ್ಲುಹಾಸು ಅಂತ ಹೆಸರಿಟ್ಟೀರಲ್ಲ, ನಾನೂ ಹಂಗ ಕರೀತೀನ್ರಿ ಈಗ. ಪ್ರೀತಿಲೇ ಕರೀಲಿಕತ್ತಾಳ ಅಂತ ತಿಳ್ಕೊಂಡಾರ."

ಸುನಂದಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಏನೂ ತಿಳಿಯದ ಜಗತಾಪರು ನಮ್ಮೆಲ್ಲರನ್ನೂ ನೋಡಿ ತಾವೂ ನಕ್ಕರು.

"ಆದರೆ ನಿನ್ನೆ ಕೇಳಿದರೂ ಉತ್ತರ ಕೊಡಲಿಲ್ಲ?" ಎಂದೆ.

"ಗೌರೀನ ತರುವಾಗ ಮಾತಾಡಬಾರದು, ಹಿಂದ ನೋಡಬಾರದು. ನಮ್ಮತ್ತಿಯ ಪದ್ಧತಿ. ಮೊದಲು ಹೊಳಿ ದಂಡ್ಯಾಗಿಂದ ತರ್ತಿದ್ವಿ. ಈಗಲ್ಲಿ ಗ್ವಾಡಿ ಕಟ್ಟ್ಯಾರ. ಹ್ವಾದ ವರ್ಷ ಮಂಡಯ್ಯಾಗ, ಕಾಯಿಪಲ್ಲೆ ಪ್ಯಾಟ್ಯಾಗ, ತಂದೆ, ಗಿಡಕ್ಕ ಬೇರು ಇರಲಿಲ್ಲ. ಬೇರಿಲ್ಲದ ಗೌರಿ ಹ್ಯಾಂಗ ಕುಂದ್ರತಾಳ?" ದನಿ ಇಳಿಯಿತು. "ಕೇಳಬೇಕಿತ್ತು, ತಪ್ಪಾತು. ಶನಿವಾರ ಸಂಜಿಗೆ ಕೇಳೋಣಂತ ನಿಮ್ಮ ಕಿಡಕಿತನಕಾ ಬಂದಿದ್ದೆ, ಸರ್. ಒಳಗ ನೀವು ನಮ್ಮನ್ನ ಬೈಲಿಕತ್ತಿದ್ರಿ. ಹೊಳ್ಳಿ ಹೋದೆ."

ಅಂದು ತಿಂದ ಪುರಣಪೋಳಿಯ ರುಚಿ ನನಗೆ ನೆನಪಿಲ್ಲ.

ಮರುದಿನವೇ ಆಫೀಸಿಗೆ ಹೋಗಿ ದೂರನ್ನು ಮರಳಿ ಕೊಡಿರೆಂದು ಬೇಡಿದೆ. ಅಷ್ಟರಲ್ಲಿ ಜಗತಾಪರು ಅದನ್ನು ಓದಿದ್ದರು. "ಸರ್, ಇನ್ವರ್ಡ್ ನಂಬರ್ ಬಿದ್ದ ಕಾಗದ ದಫ್ತರದಿಂದ ಹೊರಗೆ ಹೋಗುವುದಿಲ್ಲ. ಈ ನಿಯಮ ತಾವೇ ನಮಗೆ ಕಲಿಸಿದ್ದು" ಎಂದರು. ಆ ಮುಖದಲ್ಲಿ ಸಿಟ್ಟಿತ್ತೋ ಸಂತೋಷವಿತ್ತೋ, ಇಂದಿಗೂ ನನಗೆ ತಿಳಿದಿಲ್ಲ. ಮುಂದಿನ ನಾಲ್ಕು ವಾರ ಎರಡು ಬಗೆಯ ಭಯ: ಪಟ್ಟಿ ಹೋಗುವುದೆಂದು ಒಂದು, ಹಬ್ಬದ ಮನೆಯ ಹೆಂಗಸನ್ನು ಕಳ್ಳಿಯೆಂದು ಬರೆದ ನನ್ನ ಅಕ್ಷರಗಳನ್ನು ಊರೆಲ್ಲ ಕೇಳುವುದೆಂದು ಇನ್ನೊಂದು.

ಸಭೆಯಲ್ಲಿ ನನಗೆ ಆಮಂತ್ರಿತನೆಂದು ಕಡೆಯ ಸಾಲಿನ ಕುರ್ಚಿ ಕೊಟ್ಟರು. ಜಗತಾಪರು ನನ್ನ ದೂರನ್ನು ಪೂರ್ತಿಯಾಗಿ, ಒಂದಕ್ಷರ ಬಿಡದೆ, ಓದತೊಡಗಿದರು. 'ಅಪರಿಚಿತ ಮಹಿಳೆ' ಎಂಬಲ್ಲಿಗೆ ಬಂದಾಗ ನಾನು ಎದ್ದು ನಿಂತೆ. ಇಪ್ಪತ್ತಾರು ವರ್ಷ ಮಕ್ಕಳಿಗೆ ಸುಳ್ಳು ಹೇಳಬೇಡಿರೆಂದು ಬೆತ್ತ ತೋರಿಸಿದವನು ಹೇಳಿದೆ: "ದೂರು ತಪ್ಪು. ಗಿಡ ಕೊಟ್ಟವನು ನಾನೇ. ಮರೆತಿದ್ದೆ."

"ಕೊಟ್ಟವರೂ ನೀವೇ, ಕಳಕೊಂಡವರೂ ನೀವೇ?" ಎಂದು ಮುಂದಿನ ಸಾಲಿನ ಹಿರಿಯರೊಬ್ಬರು ತಿರುಗಿ ಕೇಳಿದರು. "ಸರ್, ಬ್ರಾಹ್ಮೀ ಗಿಡವನ್ನೂ ಒಂದು ಹಚ್ಚಿ. ನೆನಪಿಗೆ ಒಳ್ಳೆಯದು." ಸಭೆ ನಕ್ಕಿತು.

ವಹಿನಿ ಎದ್ದರು. "ಸರ್ ಖೋಟಂ ಬೋಲ್ತಾಯತ್" ಎಂದರು. ಸರ್ ಸುಳ್ಳು ಹೇಳುತ್ತಿದ್ದಾರೆ. "ಕೇಳದೆ ಕಿತ್ತವಳು ನಾನು. ನನ್ನ ಮನೆಯಲ್ಲಿ ಗೌರಿಯಾಗಿ ಕುಳಿತದ್ದು ಅವರ ಗಿಡ. ಮುಂದಿನ ವರ್ಷ ನಾನು ಅವಳನ್ನು ಎಲ್ಲಿಂದ ಕರೆತರಲಿ, ಸ್ಕೂಟರಿನ ಚಕ್ರದ ಕೆಳಗಿನಿಂದಲೇ?"

ಹೆಂಗಸರ ಸಾಲಿನಲ್ಲಿ ಗುಸುಗುಸು ಎದ್ದಿತು. ನಾಲ್ಕೈದು ಮನೆಗಳಲ್ಲಿ ತೇರಡಾದ ಗೌರಿಯೇ ಇದ್ದಳೆಂದು ನನಗೆ ಆಗ ತಿಳಿಯಿತು. ಮತಕ್ಕೆ ಹಾಕಿದರು. ಜಗತಾಪರ ಫ್ಲ್ಯಾಟಿನ ದಾಖಲೆಯಲ್ಲಿ ಮೊದಲ ಹೆಸರು ವಹಿನಿಯದು, ಮತವೂ ಅವರದೇ. ನನ್ನ ಎರಡೂ ಕೈ ಮೊಣಕಾಲಿನ ಮೇಲೆ ಸುಮ್ಮನಿದ್ದವು. ಕಲ್ಲುಹಾಸಿಗೆ ವಿರುದ್ಧವಾಗಿ ಎದ್ದ ಕೈಗಳನ್ನು ಎಣಿಸುತ್ತ ಬಂದ ಜಗತಾಪರು, ಹೆಂಡತಿಯ ಕೈಯನ್ನು ಎರಡು ಸಲ ನೋಡಿದರು, ಒಂದೇ ಸಲ ಎಣಿಸಿದರು. ಪ್ರಸ್ತಾಪ ಬಿದ್ದುಹೋಯಿತು.

ಆದರೆ ಅವರು ಅಲ್ಲಿಗೇ ಬಿಡಲಿಲ್ಲ. ಠರಾವಿಗೆ ಒಂದು ಸಾಲು ಸೇರಿಸಿದರು: ಪಟ್ಟಿ ಸೊಸೈಟಿಯದು, ಗೌರಿಯ ದಿನ ಯಾರು ಬೇಕಾದರೂ, ಯಾರನ್ನೂ ಕೇಳದೆ, ಗಿಡ ತೆಗೆಯಬಹುದು, ಬೆಳೆಸುವ ಹೊಣೆ ಸರ್ ಅವರದು. ಇದು ಗೌರವವೋ ಸೇಡೋ ಎಂದು ನಾನಿನ್ನೂ ತೂಗಿ ನೋಡುತ್ತಿದ್ದೇನೆ. ಹೊರಗೆ ಬರುವಾಗ ವಹಿನಿ ಹತ್ತಿರ ಬಂದು, "ಇನ್ಮ್ಯಾಲ ಕಿಡಕಿ ಮುಚ್ಚಿ ಬೈರಿ, ಸರ್" ಎಂದರು.

ಅಂದು ಮನೆಗೆ ಬಂದ ಮೇಲೆ ಸುನಂದಾ ಹೇಳಿದಳು, "ಗದಗ ಶಾಖೆದಾಗ ಜಾಗಾ ಖಾಲಿ ಆಗೇದಂತ್ರಿ. ವರ್ಗಕ್ಕ ಅರ್ಜಿ ಹಾಕ್ಲ್ಯಾ?" ಎರಡು ವರ್ಷಗಳಿಂದ ಈ ಮಾತಿಗಾಗಿ ಕಾದಿದ್ದವನು ನಾನು. ನಮ್ಮ ಹಿತ್ತಿಲಿನಲ್ಲಿ ತಂಗಡಿ ಬೆಳೆದೀತು, ತುಂಬೆಯೂ ಬೆಳೆದೀತು. ತೇರಡಾ ಬೆಳೆಯದು, ಅದಕ್ಕೆ ಬೇಕಾದಷ್ಟು ದಿನ ನಮ್ಮ ಊರಿನಲ್ಲಿ ಮಳೆ ಜಿನುಗುವುದಿಲ್ಲ. "ಕಾಯಿ ಬಲೀಲಿ, ನೋಡೋಣು" ಎಂದೆ. ಪ್ರಿಯ ಓದುಗರೇ, ಎಲ್ಲರನ್ನೂ ಸಂಶಯಿಸಿದ ನಾನು ಈಗ ಸಂಶಯಿಸುವುದು ನನ್ನನ್ನೇ: ಊರಿನ ಬಸ್ಸು ಹತ್ತುವ ದಿನ ಬಂದರೆ, ಜೂನಿನ ಮೊದಲ ಮಳೆಗೆ ಇಲ್ಲಿ ಬೀಜ ಬಿತ್ತಿ ಕುಡಿ ಚಿವುಟುವವರು ಯಾರೆಂದು ಕೇಳಿಕೊಂಡು ಬಾಗಿಲಲ್ಲೇ ನಿಂತುಬಿಡುವೆನೇನೋ. ಅದರ ತೀರ್ಮಾನ ಇನ್ನೂ ಆಗಿಲ್ಲ. ಪಟ್ಟಿಯ ತೀರ್ಮಾನವಾದದ್ದು ಮಾತ್ರ ೨೦೨೫ನೆಯ ಇಸವಿ ಸೆಪ್ಟೆಂಬರ್ ೨೮, ಭಾನುವಾರ.