ಎಡತುದಿಯ ಇಬ್ಬರು

ನನಗೆ ಗೊತ್ತಿತ್ತು. ನಿಮ್ಮ ಕಣ್ಣು ಹೋಗುತ್ತಿದೆ ಎಂದು ಡಾಕ್ಟರಿಗಿಂತ ಮೊದಲು, ನಿಮ್ಮ ಮನೆಯವರಿಗಿಂತ ಮೊದಲು, ನಿಮಗಿಂತಲೂ ಏಳು ತಿಂಗಳು ಮೊದಲು ನನಗೆ ಗೊತ್ತಿತ್ತು, ನಂಜುಂಡಯ್ಯನವರೇ — ನಾನು ಹೇಳಲಿಲ್ಲ. ಬರೀ ಹೇಳಲಿಲ್ಲ ಎಂದರೆ ಅದೂ ಅರ್ಧ ಸುಳ್ಳೇ. ನೀವಾಗಿಯೇ ಕೇಳಿದಾಗ ಇಲ್ಲ ಎಂದೆ.

ಈ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಐದು ವರ್ಷದಿಂದ ಪ್ರತಿ ಎರಡನೇ ಶನಿವಾರ ನಿಮ್ಮ ಮನೆಗೆ ಬರುತ್ತಿದ್ದೇನೆ. ನಿಮ್ಮ ಮನೆಯಾಕೆ ವಿಜಯಮ್ಮ ಬಡಿಸಿದ ಅಕ್ಕಿಹಿಟ್ಟಿನ ಪುಟ್ಟು, ಕಡಲೆ ತಿಂದಿದ್ದೇನೆ, ಇನ್ನೊಂದು ಬಾಳೆಹಣ್ಣು ಹಾಕಿ ಎಂದು ಕೇಳಿಯೂ ತಿಂದಿದ್ದೇನೆ. ತಿಂದದ್ದೆಲ್ಲ ಮೈಗೆ ಹತ್ತಿತು ನೋಡಿ. ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ನಮ್ಮ ಸ್ನೇಹ ಶುರುವಾದದ್ದೇ ಕಿತ್ತಾಟದಿಂದ. ತಿರುವನಂತಪುರದ ಚಾಲೈ ಬೀದಿಯ ಬಣ್ಣದಂಗಡಿಯಲ್ಲಿ ಕೂದಲೆಳೆಯಷ್ಟು ಸಣ್ಣ ತುದಿಯ ಸೊನ್ನೆ ನಂಬರಿನ ಕುಂಚ ಒಂದೇ ಒಂದು ಉಳಿದಿತ್ತು. ಕಾರ್ಖಾನೆಯ ಕೆಲಸದ ಮೇಲೆ ಕೊಚ್ಚಿಯಿಂದ ಬಂದಿದ್ದ ನಾನು ಕೈ ಚಾಚಿದೆ, ನೀವೂ ಚಾಚಿದಿರಿ. ಕುಂಚ ನನಗೆ ಸಿಕ್ಕಿತು. ನೀವು ನಿಮ್ಮಷ್ಟಕ್ಕೆ, "ಅಯ್ಯೋ ಶಿವನೇ, ಇನ್ನೊಂದು ತಿಂಗಳು ಕಾಯ್ಬೇಕಲ್ಲಪ್ಪಾ" ಎಂದಿರಿ. ಆ ಬೀದಿಯಲ್ಲಿ ಕನ್ನಡ! ನಾನು ಹುಬ್ಬಳ್ಳಿಯ ನದಾಫ, ಕೊಚ್ಚಿ ಹತ್ತಿರದ ಅಂಬಲಮುಗಳ್‌ನ ಕಾರ್ಖಾನೆಯೊಂದರಲ್ಲಿ ಮೀಟರು ರಿಪೇರಿ ಮಾಡುವವನು. ನೀವು ನಂಜನಗೂಡಿನವರು, ಕೇಂದ್ರ ಸರ್ಕಾರದ ಸಂಸ್ಥೆಯಲ್ಲಿ ನಕ್ಷೆ ಬರೆಯುವವರು, ಮದುವೆಯಾಗಿ ಅಲ್ಲಿಯವರೇ ಆಗಿಬಿಟ್ಟವರು. ಇಬ್ಬರಿಗೂ ಇದ್ದದ್ದು ಒಂದೇ ಹುಚ್ಚು — ದೊಡ್ಡ ಲೋಕವನ್ನು ಮೇಜಿನ ಮೇಲೆ ಚಿಕ್ಕದಾಗಿ ಕಟ್ಟುವುದು. ನನ್ನ ಹೆಂಡತಿ ಅದನ್ನು ಗೊಂಬಿ ಆಟ ಎನ್ನುತ್ತಿದ್ದಳು. ನಲವತ್ತು ತುಂಬಿದ ಗಂಡಸರು ಬೆಂಕಿಕಡ್ಡಿಗೆ ಅಂಟು ಹಚ್ಚುತ್ತ ಕೂತರೆ ಇನ್ನೇನೆನ್ನಬೇಕು?

ಚಾಲೈ ಬೀದಿಯನ್ನೇ ಕಟ್ಟೋಣ ಎಂದವರು ನೀವು. ಮೂರಡಿ ಹಲಗೆಯ ಮೇಲೆ ಹೆಂಚಿನ ಅಂಗಡಿಗಳು, ಬಾಳೆಗೊನೆ, ಮೆಣಸಿನ ಮೂಟೆ, ಕೈಗಾಡಿ, ನೂರಾರು ಜನ. ಅಂಗಡಿಗಳು ನನ್ನ ಪಾಲು. ರಟ್ಟು, ಐಸ್‌ಕ್ರೀಮ್ ಕಡ್ಡಿ, ಸೋಸಿದ ಚಹಾಪುಡಿಯ ಮಣ್ಣು. ಜನರ ಮೈಯನ್ನೂ ನಾನೇ ತಂತಿ ಬಗ್ಗಿಸಿ, ಪುಟ್ಟಿ ಮೆತ್ತಿ ಮಾಡುತ್ತಿದ್ದೆ; ಒಬ್ಬೊಬ್ಬರೂ ಒಂದಂಗುಲ. ಆದರೆ ಅವರಿಗೆ ಜೀವ ಬರುತ್ತಿದ್ದದ್ದು ನಿಮ್ಮ ಕೈಯಲ್ಲಿ. ಮುಂಡುಪಂಚೆಯ ಅಂಚಿನ ಚಿನ್ನದ ಜರಿಗೆರೆ, ಹೊರೆಯಾಳಿನ ಕತ್ತಿನ ಬೆವರು... ಅದನ್ನು ಹೇಗೆ ಮಾಡುತ್ತಿದ್ದಿರೋ ನನಗೆ ಇವತ್ತಿಗೂ ತಿಳಿಯದು.

ಇಪ್ಪತ್ತು ಜನರನ್ನು ಒಂದು ಮರದ ಪಟ್ಟಿಗೆ ಸಾಲಾಗಿ ಅಂಟಿಸಿ, ಬೂದು ಬಣ್ಣದಲ್ಲೇ ನಿಮಗೆ ತಂದುಕೊಡುತ್ತಿದ್ದೆ. ಮುಂದಿನ ಎರಡನೇ ಶನಿವಾರ ಬಣ್ಣ ಹಚ್ಚಿದ ಪಟ್ಟಿ ಒಯ್ಯುತ್ತಿದ್ದೆ. ಒಯ್ಯುವ ಮೊದಲು ನೀವು ಮಾಡಿದ ನಿಯಮವೊಂದಿತ್ತು — ಕಡೇ ನೋಟ. ಒಬ್ಬರ ಕೆಲಸವನ್ನು ಇನ್ನೊಬ್ಬರು ಕಿಟಕಿಯ ಬೆಳಕಿಗೆ ಹಿಡಿದು ನೋಡಬೇಕು, ತಪ್ಪಿದ್ದರೆ ಮುಖದ ಮೇಲೆ ಹೇಳಬೇಕು. "ನಮ್ಮ ಕಣ್ಣು ನಮ್ಮ ತಪ್ಪನ್ನ ಮಾಫಿ ಮಾಡ್ಬಿಡುತ್ತೆ ನದಾಫರೇ. ಅದಕ್ಕೇ ನನ್ನ ಕೆಲಸಕ್ಕೆ ನಿಮ್ಮ ಕಣ್ಣು" ಎಂದಿದ್ದಿರಿ. ನೀವು ನನಗೆ ಕೊಟ್ಟ ಕೆಲಸ ಅದೊಂದೇ.

ಐದು ವರ್ಷದ ಹಿಂದೆ, ಆಗಸ್ಟಿನಲ್ಲಿ ಪಟ್ಟಿ ಹಿಡಿದು ನೋಡಿದರೆ ಎಡತುದಿಯ ಇಬ್ಬರು ಹಾಗೇ ಬೂದಾಗಿ ನಿಂತಿದ್ದರು. ನನಗೆ ನಗು ಬಂತು. "ಏನ್ರೀ ಇದು, ಈ ಇಬ್ಬರಿಗೆ ಅಂಗಿ ತೊಡಸೂದು ಮರ್ತೀರೇನು?" ಎಂದೆ. ನೀವು ನಕ್ಕು ಕುಂಚ ತೆಗೆದುಕೊಂಡಿರಿ. ಆ ಕುಂಚ ಅವರಿಬ್ಬರನ್ನು ಹುಡುಕಿತು — ಹೌದು, ಹುಡುಕಿತು. ನಿಮ್ಮ ಮೂಗಿನ ಮುಂದೆಯೇ ಇದ್ದ ಪಟ್ಟಿಯ ತುದಿ ಕಾಣಲು ನೀವು ಇಡೀ ತಲೆಯನ್ನು ಎಡಕ್ಕೆ ತಿರುಗಿಸಬೇಕಾಯಿತು. ಆಮೇಲೆ ಎಡಗಡೆ ಇಟ್ಟಿದ್ದ ಟರ್ಪೆಂಟೈನ್ ಸೀಸೆಗೆ ಮೊಣಕೈ ತಗುಲಿ ಅದು ಉರುಳಿತು. "ಇದೊಂದು, ದಿನಾ ಬೀಳುತ್ತೆ" ಎಂದು ಸೀಸೆಯನ್ನೇ ಬೈದಿರಿ.

ನನ್ನ ನಗು ಅಲ್ಲಿಗೇ ನಿಂತಿತು. ಹುಬ್ಬಳ್ಳಿಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ ನನ್ನ ಸೋದರಮಾವನೂ ಹೀಗೆಯೇ ಪಕ್ಕದಲ್ಲಿಟ್ಟ ಲೋಟಗಳನ್ನು ಬೀಳಿಸಿ ಲೋಟಕ್ಕೆ ಬೈಯುತ್ತಿದ್ದ. ಅವನನ್ನು ಕಣ್ಣಿನ ಡಾಕ್ಟರ ಹತ್ತಿರ ಕೈಹಿಡಿದು ಕರೆದೊಯ್ದವನು ನಾನೇ. ಗ್ಲಾಕೋಮಾ ಎಂದರು. ಬದಿಯಿಂದ ತಿನ್ನುತ್ತ ಬರುತ್ತದೆ, ನೋವಿಲ್ಲ, ರೋಗಿಗೆ ತಿಳಿಯುವುದೇ ಇಲ್ಲ. ಬೇಗ ಬಂದಿದ್ದರೆ ಹನಿ ಹಾಕಿ ತಡೆಯಬಹುದಿತ್ತು, ಹೋದದ್ದು ಮಾತ್ರ ತಿರುಗಿ ಬಾರದು ಎಂದರು. ಇದನ್ನೆಲ್ಲ ಕಿವಿಯಾರೆ ಕೇಳಿದವನು ನಾನು. ತಿಳಿಯದೆ ಆಯಿತು ಎನ್ನಲು ನನಗೆ ಬಾಯಿಲ್ಲ.

ಹಾಗಾದರೆ ಯಾಕೆ? — ಸಾವಿರ ಸಲ ಕೇಳಿಕೊಂಡಿದ್ದೇನೆ. ಜನವರಿಯಲ್ಲಿ ಎರ್ನಾಕುಲಂನಲ್ಲಿ ಇಂಥ ಚಿಕ್ಕ ಮಾದರಿಗಳ ಪ್ರದರ್ಶನವಿತ್ತು. ಹಿಂದಿನ ಸಲ ನಾನೊಬ್ಬನೇ ಬಸ್ ನಿಲ್ದಾಣ ಮಾಡಿ ಇಟ್ಟಾಗ, ಊರೇನೋ ಇದೆ, ಜನ ಸತ್ತಂತಿದ್ದಾರೆ ಎಂದು ತೀರ್ಪುಗಾರರು ನಕ್ಕಿದ್ದರು. ಆ ನಗೆ ನನ್ನನ್ನು ಕೊರೆಯುತ್ತಿತ್ತು. ನಿಮಗೆ ಹೇಳಿದರೆ ಡಾಕ್ಟರು ಕುಂಚ ಮುಟ್ಟಬೇಡಿ ಎನ್ನುತ್ತಾರೆ, ವಿಜಯಮ್ಮ ಮೇಜನ್ನೇ ಹೊರಗೆ ಹಾಕುತ್ತಾರೆ, ನನ್ನ ಬೀದಿ ಅರ್ಧಕ್ಕೆ ನಿಲ್ಲುತ್ತದೆ... ನೋಡಿ, ನನ್ನ ಬೀದಿ! ಪ್ರದರ್ಶನ ಮುಗಿಯಲಿ, ಆಮೇಲೆ ಹೇಳೋಣ, ಐದು ತಿಂಗಳಲ್ಲಿ ಏನಾಗುತ್ತದೆ ಎಂದುಕೊಂಡೆ. ಒಂದು ಷೀಲ್ಡಿನ ಆಸೆಗೆ ಹಾಗೆ ಅಂದುಕೊಂಡೆ.

ಸೆಪ್ಟೆಂಬರಿನಲ್ಲಿ ಎಡತುದಿಯಲ್ಲಿ ಮೂವರು ಬೂದಾಗಿದ್ದರು. ನಾನು ಪಟ್ಟಿಯನ್ನು ಬೆಳಕಿಗೆ ಹಿಡಿದಿದ್ದೆ. ಆಗ ನೀವು ಕೇಳಿದಿರಿ. ಆ ದನಿ ನನ್ನ ಕಿವಿಯಲ್ಲಿ ಹಾಗೇ ಇದೆ.

"ನದಾಫರೇ, ಎಡಗಡೆ ಏನಾದ್ರೂ ಬಿಟ್ಟಿದ್ದೀನಾ? ಈಚೆಗೆ ಯಾಕೋ ನನ್ನ ಮೇಲೆ ನನಗೇ ಅನುಮಾನ. ಕಣ್ಣು ತೋರಿಸ್ಬೇಕಾ ಅಂತ."

"ಏನೂ ಬಿಟ್ಟಿಲ್ಲ ಬಿಡ್ರಿ. ಎಲ್ಲಾ ಬರೋಬ್ಬರಿ ಅದ."

ಇಷ್ಟೇ. ನೀವು ಸಮಾಧಾನದ ಉಸಿರು ಬಿಟ್ಟಿರಿ. ನಾನು ಪಟ್ಟಿಯನ್ನು ಪತ್ರಿಕೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ. ಅಂಬಲಮುಗಳ್‌ನ ಕ್ವಾರ್ಟರ್ಸಿನಲ್ಲಿ ಕೂತು ಆ ಮೂವರಿಗೆ ನಾನೇ ಬಣ್ಣ ಹಚ್ಚಿದೆ. ನಿಮ್ಮ ಕೈಯಂತೆ ಕಾಣಲೆಂದು ಎರಡೆರಡು ಸಲ ಬಳಿದೆ. ಅಕ್ಟೋಬರಿನಲ್ಲಿ ನಾಲ್ವರು. ಡಿಸೆಂಬರಿನಲ್ಲಿ ಆರು ಜನ. ನಿಮ್ಮ ಕಣ್ಣು ಎಷ್ಟು ಹೋಯಿತೆಂದು ಆ ಪಟ್ಟಿ ತಿಂಗಳು ತಿಂಗಳೂ ನನಗೆ ತೋರಿಸುತ್ತಿತ್ತು. ನಾನು ಅದರ ಮೇಲೆ ಬಣ್ಣ ಬಳಿಯುತ್ತಿದ್ದೆ.

ಷೀಲ್ಡ್ ಬಂತು. ಜನರ ಬಣ್ಣವನ್ನೇ ಎಲ್ಲರೂ ಹೊಗಳಿದರು. ಅಭಿನಂದಿಸಲು ಯಾರೋ ನಿಮ್ಮ ಎಡಗಡೆಯಿಂದ ಕೈ ಚಾಚಿದರು. ನೀವು ನೋಡಲೇ ಇಲ್ಲ. ಆ ಮನುಷ್ಯನ ಮುಖ ಸಣ್ಣದಾಯಿತು. ನಾನು ಓಡಿ ಬಂದು ನಿಮ್ಮ ಮೊಣಕೈ ಹಿಡಿದು ಆ ಕಡೆ ತಿರುಗಿಸಿದೆ. ಅಲ್ಲೂ ಮುಚ್ಚಿಹಾಕಿದೆ.

ಪ್ರದರ್ಶನ ಮುಗಿದ ಮೇಲಾದರೂ ಹೇಳಬೇಕಿತ್ತಲ್ಲ? ಹೇಳಲಾಗಲಿಲ್ಲ. ಈಗ ಹೇಳಿದರೆ ಮೊದಲೇ ಯಾಕೆ ಹೇಳಲಿಲ್ಲ ಎನ್ನುತ್ತೀರಿ. ಜನವರಿಯಲ್ಲಿ ಬಾಯಿ ತೆರೆದು ಮುಚ್ಚಿದೆ. ಫೆಬ್ರವರಿಯಲ್ಲಿ ನಿಮ್ಮ ಬಾಗಿಲವರೆಗೆ ಮಾತು ಕಟ್ಟಿಕೊಂಡೇ ಬಂದೆ — ನೀವು ಹೊಸ ನಕ್ಷೆ ಬಿಡಿಸಿಟ್ಟಿದ್ದಿರಿ, ದೋಣಿಕಟ್ಟೆ, ನಲವತ್ತು ಜನ. ನಾನು ನಲವತ್ತು ತಂತಿ ಕತ್ತರಿಸಲು ಕೂತೆ.

ಮಾರ್ಚಿನಲ್ಲಿ ಚಾಲೈಯಲ್ಲಿ ಎಡಗಡೆಯಿಂದ ಬಂದ ಕೈಗಾಡಿ ನಿಮಗೆ ಬಡಿಯಿತು. ಮಣಿಕಟ್ಟಿನ ಮೂಳೆ ಮುರಿದು ಆಸ್ಪತ್ರೆಗೆ ಹೋದಾಗ, ಅಷ್ಟು ದೊಡ್ಡ ಗಾಡಿ ಕಾಣಲಿಲ್ಲವೇ ಎಂದು ಯಾರೋ ಕಣ್ಣು ನೋಡಿದರಂತೆ. ಎರಡೂ ಕಣ್ಣು. ಆರು ತಿಂಗಳು ಮೊದಲು ಬಂದಿದ್ದರೆ, ಎಂದರಂತೆ. ನೀವು ಎಸ್‌ಟಿಡಿ ಬೂತಿನಿಂದ ನನಗೆ ಫೋನು ಮಾಡಿ ನನ್ನನ್ನೇ ಸಮಾಧಾನ ಮಾಡಿದಿರಿ: "ಯಾರಿಗೂ ಗೊತ್ತಾಗಲ್ವಂತೆ ನದಾಫರೇ, ಕಾಯಿಲೆನೇ ಹಂಗಂತೆ. ನಿಮ್ಮಂಥ ಕಣ್ಣಿಗೇ ಸಿಕ್ಕಲಿಲ್ಲ ನೋಡಿ!" ಹನಿ ಹಾಕಿದರು, ಆಪರೇಷನ್ ಮಾಡಿದರು. ಮೂರು ವರ್ಷದಲ್ಲಿ ಉಳಿದದ್ದೂ ಹೋಯಿತು.

ಆಮೇಲೆ ನಾನು ನಿಮಗೆ ಕನ್ನಡ ವಾರಪತ್ರಿಕೆ ಓದಿ ಹೇಳುವವನಾದೆ. ನಿಮ್ಮ ಊರಿನ ಸುದ್ದಿ ಬಂದರೆ ಮುಖ ಅರಳುತ್ತದೆ. ದೊಡ್ಡ ಉಪಕಾರಿ ನಾನು! ವಿಜಯಮ್ಮ ಎಲ್ಲರಿಗೂ ಹಾಗೆಯೇ ಹೇಳುತ್ತಾರೆ.

ಹೋದ ಎರಡನೇ ಶನಿವಾರ ನೀವು ನಾವು ಕಟ್ಟಿದ ಚಾಲೈ ಬೀದಿಯ ಗಾಜಿನ ಮುಚ್ಚಳ ತೆಗೆಸಿ, ಬೆರಳಿನಿಂದ ಒಬ್ಬೊಬ್ಬರನ್ನೇ ಸವರುತ್ತ ಹೋದಿರಿ. ಬಾಳೆಹಣ್ಣಿನವನ ಮೇಲೆ ಬೆರಳು ನಿಂತಿತು. "ಇವನ್ಯಾರು ನದಾಫರೇ? ಮೈಮೇಲೆ ಬಣ್ಣ ದಪ್ಪ. ನನ್ನ ಕೈ ಹಿಂಗೆ ಬಳಿಯಲ್ವಲ್ಲ." ಸ್ವಲ್ಪ ಮುಂದೆ ಇನ್ನೊಬ್ಬ, ಮತ್ತೊಬ್ಬಳು. "ಇಂಥವರು ತುಂಬ ಜನ ಇದ್ದಾರೆ." ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಹಾಗೆ ನಾನು ಕೈ ಹಿಂದಕ್ಕೆ ಕಟ್ಟಿಕೊಂಡೆ — ಕಾಣದ ನಿಮ್ಮೆದುರು! "ಧೂಳ ಕೂತಿರಬೇಕ್ರಿ" ಎಂದೆ. ನೀವು ಬೆರಳನ್ನು ಬಹಳ ಹೊತ್ತು ಅಲ್ಲಿಂದ ತೆಗೆಯಲಿಲ್ಲ.

ಅದಕ್ಕೇ ಈ ಕಾಗದ. ಅಂಚೆಗೆ ಹಾಕಿ ಕೈ ತೊಳೆದುಕೊಳ್ಳೋಣ ಎಂದೇ ಬರೆಯಲು ಕೂತೆ, ಸುಳ್ಳೇಕೆ ಹೇಳಲಿ. ಲಕೋಟೆಯ ಮೇಲೆ ವಿಳಾಸ ಬರೆಯುವಾಗ ನಿಮ್ಮ ಮಗಳು ಮಿನಿಯ ಮಾತು ನೆನಪಾಯಿತು. ಒಮ್ಮೆ ನನ್ನ ಗಂಟಲು ಕಟ್ಟಿದ್ದಾಗ ಪತ್ರಿಕೆಯನ್ನು ಅವಳ ಕೈಗೆ ಕೊಟ್ಟಿದ್ದೆ. ಅವಳು ನಾಚಿ, "ಅಂಕಿಳೇ, ಎನಿಕ್ಕ್ ಕನ್ನಡ ವಾಯಿಕ್ಕಾನ್ ಅರಿಯಿಲ್ಲ" ಎಂದಿದ್ದಳು. ಅವಳಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬಾರದು. ವಿಜಯಮ್ಮನಿಗೆ ಎರಡೂ ಇಲ್ಲ. ಆ ಮನೆಯಲ್ಲಿ ಕನ್ನಡ ಓದುವ ಕಣ್ಣು ಈಗ ನನ್ನದೊಂದೇ. ಅಂಚೆಗೆ ಹಾಕಿದರೂ ಕಾಗದ ಒಡೆಯದೆ ಕಾಯುತ್ತದೆ. ನಾನು ಬಂದ ಕೂಡಲೇ ನೀವು, ಯಾರದೋ ಕಾಗದ ಬಂದಿದೆ, ಓದಿ ಎನ್ನುತ್ತೀರಿ.

ಲಕೋಟೆ ಹರಿದೆ. ಬರುವ ಎರಡನೇ ಶನಿವಾರ ಬೆಳಗಿನ ರೈಲಿಗೆ ಇದನ್ನು ಜೇಬಿನಲ್ಲಿಟ್ಟುಕೊಂಡು ಬರುತ್ತೇನೆ. ವಾರಪತ್ರಿಕೆ ತರುವುದಿಲ್ಲ. ಮಿನಿಯೂ ಅಲ್ಲಿರಲಿ, ಅವಳಿಗೂ ತಿಳಿಯಲಿ. ಕಿಟಕಿಯ ಪಕ್ಕದ ಅದೇ ಕುರ್ಚಿಯಲ್ಲಿ ಕೂತು, ನಿಮ್ಮ ಕೆಲಸಕ್ಕೆ ಕಣ್ಣಾಗಬೇಕಿದ್ದ ನಾನು, 'ನನಗೆ ಗೊತ್ತಿತ್ತು' ಎಂಬ ಮೊದಲ ಸಾಲಿನಿಂದ ಓದುತ್ತೇನೆ. ಕಡೆಯವರೆಗೂ ಕೇಳುತ್ತೀರೋ, ನಡುವೆಯೇ ಎದ್ದು ಹೋಗು ಎನ್ನುತ್ತೀರೋ ನನಗೆ ತಿಳಿಯದು. ಒಂದು ಸಾಲನ್ನೂ ಬಿಡುವುದಿಲ್ಲ.