ಬಿದ್ದವರನ್ನು ಕರೆದೊಯ್ಯುವ ತುಕ್ರಣ್ಣ

ಕೊಡಿಯಾಲ್‌ಬೈಲಿನ ರಸ್ತೆಗೆ ಇನ್ನೂ ಪೂರ್ತಿ ಎಚ್ಚರವಾಗಿಲ್ಲ. ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದ ಮುಂದೆ ಆಂಬುಲೆನ್ಸ್ ಬಂದು ನಿಲ್ಲುತ್ತದೆ. ಹಿಂಬಾಗಿಲು ತೆರೆಯುವಷ್ಟರಲ್ಲಿ ರೋಗಿಗಳನ್ನು ಒಯ್ಯುವ ಸಹಾಯಕ ತುಕ್ರಣ್ಣನ ಟ್ರಾಲಿ ಅಲ್ಲಿ ಸಿದ್ಧ. ಒಳಗಿರುವವರು ಎಂಬತ್ತು ದಾಟಿದ ಸ್ವರ್ಣಲತಾ ಶೆಟ್ಟಿ. ಎದ್ದು ಬಚ್ಚಲಿಗೆ ಹೋಗುವಾಗ ಬಿದ್ದಿದ್ದಾರೆ. ಬಲಗಾಲು ಹೊರಕ್ಕೆ ತಿರುಗಿಕೊಂಡಿದೆ. ಸೊಸೆ ಸಂಚಿತಾ ಬರಿಗಾಲಿನಲ್ಲೇ ಬಂದುಬಿಟ್ಟಿದ್ದಾರೆ.

ತುಕ್ರಣ್ಣ ಹೊದಿಕೆಯನ್ನು ಪಾದದವರೆಗೆ ಎಳೆದು, ಜೋತುಬಿದ್ದ ಸೆರಗನ್ನು ಅದರೊಳಗೆ ಸೇರಿಸುತ್ತಾರೆ. ಗಾಡಿ ಹೊರಡುತ್ತದೆ, ಜೊತೆಗೆ ಅವರ ಮೆಲುದನಿಯ ತುಳುವೂ. ಕನ್ನಡದಲ್ಲಿ ಹೇಳುವುದಾದರೆ ಹೀಗೆ: "ಈಗ ಹೊಸ್ತಿಲು ದಾಟ್ತೇವೆ ಅಮ್ಮ, ಸ್ವಲ್ಪ ಕುಲುಕ್ತದೆ. ಇನ್ನು ಲೈಟುಗಳು ಬರ್ತವೆ, ಬೇಕಾದ್ರೆ ಕಣ್ಣು ಮುಚ್ಚಿ."

ಉಳ್ಳಾಲದ ಕಡೆಯ ಗೇಣಿ ಒಕ್ಕಲಿನ ಮನೆಯಲ್ಲಿ ಹುಟ್ಟಿದ ತುಕ್ರಣ್ಣನಿಗೆ ಈಗ ಐವತ್ತಾರು. ಹೆಂಡತಿ ಹೇಮಾಕ್ಷಿ ಬೀಡಿ ಕಟ್ಟುತ್ತಾರೆ, ಮನೆ ಶಕ್ತಿನಗರದಲ್ಲಿ. ಇಪ್ಪತ್ತು ವರ್ಷಗಳಿಗೂ ಮಿಕ್ಕಿ ತುಕ್ರಣ್ಣ ಟ್ರಾಲಿ ತಳ್ಳಿದ್ದು ಈ ಒಂದೇ ಕಾರಿಡಾರಿನಲ್ಲಿ. ಬಿದ್ದ ಹಿರಿಯರು ದಿನಕ್ಕೆ ಮೂವರೋ ನಾಲ್ವರೋ ಬರುತ್ತಾರೆ, ಮಳೆಗಾಲದಲ್ಲಿ ಇನ್ನೂ ಹೆಚ್ಚು. ಎಲ್ಲರೂ ಹೇಳುವುದು ಒಂದೇ ಮಾತಂತೆ: ನನಗೆ ಎಂತ ಆಗ್ಲಿಲ್ಲ, ಮನೆಗೆ ಕರ್ಕೊಂಡು ಹೋಗಿ.

ಮಾತಾಡಿಕೊಂಡು ತಳ್ಳುವ ರೂಢಿ ಅವರಿಗೆ ಮೊದಲು ಇರಲಿಲ್ಲ. ಕಳೆದ ವರ್ಷ ಮಳೆ ಜೋರಾಗಿರುವ ಆಟಿ ತಿಂಗಳ ಒಂದು ಸಂಜೆ ಬಸ್ಸಿನಿಂದ ಇಳಿಯುವಾಗ ಅವರೇ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಇದೇ ಆಸ್ಪತ್ರೆಗೆ ತಂದಾಗ ಜೊತೆಗಾರ ಆಲ್ವಿನ್ ಟ್ರಾಲಿ ತಳ್ಳುತ್ತಿದ್ದ. ಅದರ ಮೇಲೆ ಅಂಗಾತ ಮಲಗಿ, ಅಷ್ಟು ವರ್ಷ ಓಡಾಡಿದ ಕಾರಿಡಾರಿನ ಚಾವಣಿಯನ್ನು ತುಕ್ರಣ್ಣ ಮೊದಲ ಬಾರಿ ನೋಡಿದರು.

"ಲೈಟುಗಳು ಒಂದರ ಹಿಂದೆ ಒಂದು ತೇಲಿಕೊಂಡು ಹೋದವು. ಸಣ್ಣವನಿರುವಾಗ ಅಜ್ಜಿಯ ಮಡಿಲಲ್ಲಿ ಮಲಗಿ ಕಡವಿನ ದೋಣಿಯಲ್ಲಿ ಹೊಳೆ ದಾಟ್ತಿದ್ದೆ, ಹಾಗೇ ಆಯ್ತು. ಆದ್ರೆ ಅಜ್ಜಿ ಇಲ್ಲ, ಯಾರೂ ಮಾತಾಡುವುದಿಲ್ಲ. ನನಗೆ ದಾರಿ ಗೊತ್ತುಂಟು, ಆದ್ರೂ ಹೆದರಿಕೆ ಆಯ್ತು. ಗೊತ್ತಿಲ್ಲದವರಿಗೆ ಎಂತ ಆಗ್ಬೇಡ?"

ಆಪರೇಶನ್ ಆಗಿ ತಿಂಗಳುಗಳು ಕಳೆದರೂ ಅಂಗಳಕ್ಕೆ ಇಳಿಯಲು ಧೈರ್ಯವಿರಲಿಲ್ಲ. ಹೇಮಾಕ್ಷಿ ನಿದ್ದೆಯಲ್ಲೂ ಅವರ ಅಂಗಿಯ ಚುಂಗು ಹಿಡಿದುಕೊಂಡಿರುತ್ತಿದ್ದರಂತೆ. ಕೆಲಸಕ್ಕೆ ಮರಳಿದಾಗ ಆಸ್ಪತ್ರೆಯವರು ಗೇಟಿನ ಹತ್ತಿರ ಕುರ್ಚಿ ಕೊಡುತ್ತೇವೆ, ಕೂತು ಮಾಡುವ ಕೆಲಸ ಎಂದರು. ತುಕ್ರಣ್ಣನಿಗೆ ಟ್ರಾಲಿಯೇ ಬೇಕಿತ್ತು. ಹಿರಿಯ ನರ್ಸ್ ಆನ್ಸಿ ಖಾಲಿ ಟ್ರಾಲಿ ಕೊಟ್ಟು, ಎಕ್ಸ್‌ರೇ ಕೋಣೆಯವರೆಗೆ ತಳ್ಳಿ ನೋಡಲು ಹೇಳಿ, ಹಿಂದೆಯೇ ನಡೆದು ಬಂದರು. ತಿರುವಿನಲ್ಲಿ ಆಪರೇಶನ್ ಆದ ಕಡೆ ಭಾರ ಬಿತ್ತು. ತುಕ್ರಣ್ಣ ನಿಂತರು, ಉಸಿರು ಎಳೆದುಕೊಂಡರು, ಮತ್ತೆ ತಳ್ಳಿದರು. ಆನ್ಸಿ ಮರುದಿನದಿಂದ ಅವರಿಗೆ ಟ್ರಾಲಿಯ ಡ್ಯೂಟಿ ಹಾಕಿದರು.

ಸ್ವರ್ಣಲತಾ ಅವರನ್ನು ಆಪರೇಶನ್ ಥಿಯೇಟರಿಗೆ ಒಯ್ಯುವವರೂ ತುಕ್ರಣ್ಣನೇ. ನೋವಿನ ಮದ್ದಿನ ಮಂಪರಿನಲ್ಲಿ ಆಕೆ ಎಲ್ಲೋ ತೇಲುತ್ತಿದ್ದಾರೆ. ತೀರಿಹೋದ ಅಕ್ಕನನ್ನು ಕರೆಯುತ್ತಾರೆ, ತವರಿನ ಬಾವಿಕಟ್ಟೆ ಒದ್ದೆ ಇದೆ, ಹುಷಾರು ಎನ್ನುತ್ತಾರೆ. ಥಿಯೇಟರಿನ ಬಾಗಿಲ ಬಳಿ ಫಕ್ಕನೆ ಎಚ್ಚರಗೊಂಡು ತುಕ್ರಣ್ಣನ ಮಣಿಕಟ್ಟು ಹಿಡಿಯುತ್ತಾರೆ.

"ನಾನಿನ್ನು ನಡೀತೇನಾ?"

"ಅದು ಡಾಕ್ಟ್ರು ಹೇಳ್ಬೇಕು ಅಮ್ಮ. ನಾನೂ ಹೀಗೆಯೇ ಬಿದ್ದವ. ಈಗ ನಿಮ್ಮ ಗಾಡಿ ತಳ್ಳುವುದು ನಾನೇ."

ಮಣಿಕಟ್ಟಿನ ಮೇಲಿನ ಹಿಡಿತ ಸಡಿಲವಾಗುತ್ತದೆ.

ಕೆಲವು ವಾರ ಕಳೆದು, ಮರುತಪಾಸಣೆಯ ದಿನ, ಸ್ವರ್ಣಲತಾ ವಾಕರ್ ಊರಿಕೊಂಡು ಅದೇ ಕಾರಿಡಾರಿನಲ್ಲಿ ಬರುತ್ತಾರೆ. ಪಕ್ಕದಲ್ಲಿ ಸಂಚಿತಾ, ಮುಟ್ಟದೆ, ಆದರೆ ಕೈ ಚಾಚಿಕೊಂಡು. ಎದುರಿಗೆ ನಿಂತ ತುಕ್ರಣ್ಣನನ್ನು ಕಂಡು ಅಜ್ಜಿ, "ಸ್ವಲ್ಪ ಸೈಡ್ ಕೊಡು ಮಾರಾಯ" ಎನ್ನುತ್ತಾರೆ. ತುಕ್ರಣ್ಣ ಗೋಡೆಗೆ ಒತ್ತಿ ನಿಂತು ದಾರಿ ಬಿಡುತ್ತಾರೆ.

ಬೇಸರವಾಗಲಿಲ್ಲವೇ ಎಂದು ಕೇಳಿದರೆ ನಗುತ್ತಾರೆ.

"ಮಲಗಿದವರಿಗೆ ನನ್ನ ಮುಖ ತಲೆಕೆಳಗಾಗಿ ಕಾಣುವುದು. ಎದ್ದು ನಿಂತ ಮೇಲೆ ಗುರುತು ಸಿಗುವುದಿಲ್ಲ. ಸಿಗದಿದ್ರೆ ನನಗೆ ಖುಷಿ."