ಪರದೆಯ ಹಿಂದೆ ಕೂತವನು

ವಾಮನ, ಆ ಸಂಜೆ ನಾನು ಬೇಕೆಂದೇ ಸುಮ್ಮನಾದೆ. ಗಾಳಿಗೆ ನಾಟಕದ ಹಾಳೆ ಹಾರಿತು ಎಂದು ಹೇಳಿದ್ದು ಸುಳ್ಳು. ಹಾಳೆ ನನ್ನ ತೊಡೆಯ ಮೇಲೇ ಇತ್ತು, ಬೆರಳು ನಿನ್ನ ಮಾತಿನ ಮೇಲೇ ಇತ್ತು.

ಐವತ್ತರ ದಶಕದ ಮಾತು. ಹಾನಗಲ್ಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತು ಮ್ಯಾಟ್ರಿಕ್ ಪಾಸಾದೆವು. ನೀನು ಧಾರವಾಡದ ಕಾಲೇಜಿಗೆ ಹೋದೆ. ನಾನು ಅಕ್ಕಿಆಲೂರಿನ ಅಕ್ಕಿ ಗಿರಣಿಗೆ. ನಿನಗೆ ಉಗ್ಗು. ಕಾಲೇಜಿನಲ್ಲಿ ಹಾಜರಿ ಕರೆದರೂ ಓಗೊಡಲಾರದೆ ಕೈಯೆತ್ತುತ್ತಿದ್ದೆಯಂತೆ. ಆದರೆ ಅಲ್ಲಿನ ಹುಡುಗರ ನಾಟಕದಲ್ಲಿ ನಿನಗೊಂದು ದಾರಿ ಸಿಕ್ಕಿತ್ತು — ಪರದೆಯ ಹಿಂದಿನಿಂದ ಯಾರಾದರೂ ಮೊದಲ ಮಾತು ಎತ್ತಿಕೊಟ್ಟರೆ ನಿನ್ನ ನಾಲಿಗೆ ಸಡಿಲಾಗುತ್ತಿತ್ತು. ಯಾವ ಮಾಸ್ತರರೂ ಕಲಿಸದ್ದನ್ನು ಅಲ್ಲಿ ಕಲಿತಿದ್ದೆ.

ಕಾಲೇಜಿಗೆ ಸೂಟಿ ಬಿದ್ದಾಗ ಬಂದವನು ಊರಲ್ಲೂ ನಾಟಕ ಹೂಡಿದೆ. ಮಾತು ಹೇಳಿಕೊಡಲು ನನ್ನನ್ನೇ ಕರೆದೆ.

"ನಿನ್ನ ದನಿ ಬೆನ್ನಿಗಿದ್ರ ಸಾಕೋ ಬಸ್ಯಾ. ನಮ್ಮಪ್ಪನ ಮುಂದ ಒಮ್ಮೆ ಸರಳ ಮಾತಾಡಿ ತೋರಸ್ತೇನಿ."

ಪುರಾಣ ಹೇಳುವ ನಿಮ್ಮ ತಂದೆ ನಿನ್ನನ್ನು ಮಂದಿಯೆದುರು ಬಾಯಿ ತೆರೆಯಗೊಡುತ್ತಿರಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ —

ಎಲ್ಲರಿಗೂ ಬಣ್ಣ ಹಚ್ಚುವಾಗ ನಾನೂ ಮುಖ ಒಡ್ಡಿದೆ. ಹಚ್ಚುವವನು ನಕ್ಕ: "ನಿನಗ್ಯಾಕಲೇ ಬಣ್ಣ? ಪರದೇಕ್ಕ ಮಾರಿ ತೋರಸ್ತಿ ಏನು?" ನೀನೂ ನಕ್ಕೆ. ಇಷ್ಟೇ. ಪ್ರತಿ ಸೂಟಿಗೂ ನೀನು ಬೆಳೆದು ಬರುತ್ತಿದ್ದೆ, ನಾನು ತೌಡಿನ ಧೂಳಿನಲ್ಲಿ ಇದ್ದ ಹಾಗೇ ಇದ್ದೆ — ಅದೆಲ್ಲ ಆ ನಗುವಿನಲ್ಲಿ ಬಂದು ಚುಚ್ಚಿತು.

ಮೂರನೆಯ ದೃಶ್ಯ. ನೀನು ಪರದೆಯತ್ತ ಕಣ್ಣು ಹೊರಳಿಸಿದೆ. ನಾನು ತುಟಿ ಬಿಗಿಹಿಡಿದೆ. ನಿನ್ನ ಗಂಟಲು ಒಂದೇ ಅಕ್ಷರಕ್ಕೆ ಸಿಕ್ಕಿಕೊಂಡಿತು. ಹಿಂದೆ ಕೂತವರು ಅಣಕಿಸಿದರು. ನಿಮ್ಮ ತಂದೆ ಶಲ್ಯ ಕೊಡವಿ ಎದ್ದು ಹೋದರು.

ಆಮೇಲೆ ನನ್ನ ಸುಳ್ಳನ್ನು ಕೇಳಿ, ಬಣ್ಣ ಒರೆಸಿಕೊಳ್ಳುತ್ತ, ನೀನೇ ನನ್ನನ್ನು ಸಮಾಧಾನ ಮಾಡಿದೆ: "ಗಾ... ಗಾಳಿಗೆ ಯಾರೇನ್ ಮಾಡಬೇಕೋ. ನಿಂದೇನ್ ತಪ್ಪದ?"

ಮತ್ತೆ ನೀನು ರಂಗ ಹತ್ತಲಿಲ್ಲ. ಸವಣೂರಿನಲ್ಲಿ, ಯಾರೊಡನೆಯೂ ಮಾತಾಡಬೇಕಿಲ್ಲದ ಒಂದು ಕೆಲಸ ಹಿಡಿದೆ ಎಂದು ಕೇಳಿದೆ. ಎಷ್ಟೋ ವರ್ಷದ ಮೇಲೆ ಶಿಗ್ಗಾವಿಯ ಮದುವೆಯೊಂದರಲ್ಲಿ ನಿನ್ನನ್ನು ಕಂಡೆ. ಊಟಕ್ಕೆ ಕರೆದವರಿಗೂ ಕೈಸನ್ನೆಯಲ್ಲೇ ಉತ್ತರಿಸುತ್ತಿದ್ದೆ. ನಾನು ಕಂಬದ ಮರೆಗೆ ಸರಿದು ನಿಂತೆ.

ಗಿರಣಿ ಬಿಟ್ಟ ಮೇಲೆ ನನ್ನನ್ನು ಮಾತಾಡಿಸುವವರೂ ಇಲ್ಲ. ಅದಕ್ಕಾಗಿ ಬರೆದೆ ಎಂದು ತಿಳಿಯಬೇಡ. ಈ ಕಾಗದ ನಿನಗೆ ಮುಟ್ಟುವಷ್ಟು ದಿನ ಬಿಟ್ಟು ಸವಣೂರಿನ ಬಸ್ಸು ಹತ್ತುತ್ತೇನೆ. ನೀನು ಬೈಯಬೇಕು. ಒಂದು ಮಾತಿಗೆ ಎಷ್ಟು ಹೊತ್ತು ಹಿಡಿದರೂ ನಿನ್ನೆದುರೇ ಕೂತಿರುತ್ತೇನೆ — ಏಳದೆ, ನಡುವೆ ಬಾಯಿ ಹಾಕದೆ.